ಲೂಕಾಸನ ಸೊನ್ನೆ

ಹನೋಯ್ ಗೋಪುರದ ಒಗಟನ್ನು ಪ್ರೋಗ್ರಾಮಿಂಗ್ ಕಲಿತವರು ಒಮ್ಮೆಯಾದರೂ ಬಿಡಿಸಿರುತ್ತಾರೆ. ನಾನೂ ಬಿಡಿಸಿದ್ದೆ. ಅದನ್ನು 1883ರಲ್ಲಿ ಹೊರತಂದ ಫ್ರಾನ್ಸಿನ ಎದುವಾರ್ ಲೂಕಾಸ್, ಅದಕ್ಕೂ ಏಳು ವರ್ಷ ಮೊದಲೇ 39 ಅಂಕಿಗಳ ಸಂಖ್ಯೆಯೊಂದು ಅವಿಭಾಜ್ಯವೆಂದು ಕೈಲೆಕ್ಕದಲ್ಲೇ ತೋರಿಸಿದ್ದ ಎನ್ನುವುದು ನನಗೆ ಗೊತ್ತಾದದ್ದು ಬಹಳ ತಡವಾಗಿ. 2ರ 127ನೇ ಘಾತದಿಂದ 1 ಕಳೆದರೆ ಬರುವ ಸಂಖ್ಯೆ ಅದು: 170141183460469231731687303715884105727. ಅವನದೇ ಗೋಪುರಕ್ಕೆ 127 ಬಿಲ್ಲೆಗಳನ್ನಿಟ್ಟರೆ ಬೇಕಾಗುವ ನಡೆಗಳೂ ಸರಿಯಾಗಿ ಇಷ್ಟೇ!

1644ರಲ್ಲಿ ಮೆರ್ಸೆನ್ ಎಂಬ ಪಾದ್ರಿ ಇಂಥ ಸಂಖ್ಯೆಗಳದೊಂದು ಪಟ್ಟಿ ಕೊಟ್ಟಿದ್ದ. ಘಾತ 67, 127, 257 ಆದಾಗಲೂ ಅವಿಭಾಜ್ಯವೇ ಬರುತ್ತದೆ ಎಂದಿದ್ದ. ಪರೀಕ್ಷಿಸುವುದು ಹೇಗೆ? ಸೆಕೆಂಡಿಗೆ ಹತ್ತು ಲಕ್ಷ ಭಾಗಾಕಾರ ಮಾಡಿದರೂ, 127ರದ್ದನ್ನು ವರ್ಗಮೂಲದವರೆಗೆ ಭಾಗಿಸಿ ನೋಡಲು ನಾಲ್ಕು ಲಕ್ಷ ವರ್ಷ ಬೇಕು.

ಲೂಕಾಸ್ ಭಾಗಿಸುವ ಗೋಜಿಗೇ ಹೋಗಲಿಲ್ಲ. ಅವನ ಉಪಾಯದ ಇಂದಿನ ರೂಪ ಹೀಗಿದೆ: 4ರಿಂದ ಹೊರಡಿ, ವರ್ಗ ಮಾಡಿ 2 ಕಳೆಯಿರಿ, ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಿ, ಮತ್ತೆ ವರ್ಗ ಮಾಡಿ. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ. 2ರ 7ನೇ ಘಾತದಿಂದ 1 ಕಳೆದರೆ ಸಿಗುವ 127ನ್ನೇ ಹಾಳೆಯ ಮೇಲೆ ಪರೀಕ್ಷಿಸಿದೆ: 4, 14, 67, 42, 111, ಕೊನೆಗೆ 0. ಐದೇ ಹೆಜ್ಜೆ. ಆದರೂ ಮೊದಲ ಸಲ ಮಧ್ಯದಲ್ಲೆಲ್ಲೋ ತಪ್ಪಿ ಸೊನ್ನೆ ಬರಲೇ ಇಲ್ಲ. ಲೂಕಾಸನ ಸಂಖ್ಯೆಗೆ 125 ಹೆಜ್ಜೆ, ಪ್ರತಿ ಹೆಜ್ಜೆಯಲ್ಲೂ 39 ಅಂಕಿಗಳವರೆಗಿನ ಗುಣಾಕಾರ. ದ್ವಿಮಾನದಲ್ಲಿ ಬರೆದು, ಚದುರಂಗದ ಮಣೆಯಂಥ 127 ಸಾಲುಗಳ ಚೌಕದಲ್ಲಿ ಕಾಯಿ ನಡೆಸಿದಂತೆ ಲೆಕ್ಕ ಮಾಡುವ ವಿಧಾನವನ್ನು ಅವನು ವಿವರಿಸಿದ್ದಾನೆ. 2ರ 127ನೇ ಘಾತದ ಶೇಷ 1 ಆಗುವುದರಿಂದ, ಚೌಕದ ಅಂಚು ದಾಟಿದ ಕಾಯಿಯನ್ನು ಮತ್ತೆ ಮೊದಲ ಮನೆಯಿಂದ ಇಡುತ್ತ ಹೋದರಾಯಿತು, ಭಾಗಾಕಾರವೇ ಬೇಡ.

ತಪ್ಪಿದ್ದರೆ? ನನ್ನ ಹಾಳೆಯನ್ನು ನೋಡುತ್ತ ಹೊಳೆದದ್ದಿದು. ಇಷ್ಟು ದೊಡ್ಡ ಲೆಕ್ಕದಲ್ಲಿ ಎಲ್ಲೋ ಎಡವಿಯೂ ಆಕಸ್ಮಿಕವಾಗಿ ಸೊನ್ನೆಯೇ ಬರುವುದು ಅಸಂಭವವೆನ್ನುವಷ್ಟು ಅಪರೂಪ. ಹಾಗಾಗಿ ಸೊನ್ನೆ ತನಗೆ ತಾನೇ ಸಾಕ್ಷಿ. ಸೊನ್ನೆ ಬರದಿದ್ದಾಗಲೇ ಅನುಮಾನ: ಸಂಖ್ಯೆಯದೋ, ಲೆಕ್ಕ ಮಾಡಿದವನದೋ? 67ರ ವಿಷಯದಲ್ಲಿ ಆದದ್ದೂ ಅದೇ. ಅದು ಅವಿಭಾಜ್ಯವಲ್ಲ ಎಂದು ಲೂಕಾಸ್ ಹೇಳಿದ, ಅಪವರ್ತನ ಮಾತ್ರ ಕೊಡಲಾಗಲಿಲ್ಲ. 1903ರಲ್ಲಿ ಅಮೆರಿಕದ ಕೋಲ್ ಅದನ್ನು 193707721 ಮತ್ತು 761838257287ರ ಗುಣಲಬ್ಧವೆಂದು ತೋರಿಸಿದ ಮೇಲಷ್ಟೇ ಎಲ್ಲರ ಅನುಮಾನ ತೀರಿತು. ಮೆರ್ಸೆನ್‌ನ ಪಟ್ಟಿಯಲ್ಲಿ 257 ಕೂಡ ತಪ್ಪೇ.

127 ಮಾತ್ರ ನಿಂತಿತು. 1914ರಲ್ಲಿ ಫೋಕಾಂಬರ್ಗ್ ಮತ್ತೆ ಲೆಕ್ಕ ಮಾಡಿದಾಗಲೂ ಬಂದದ್ದು ಸೊನ್ನೆಯೇ. ಅಷ್ಟರಲ್ಲಿ ಲೂಕಾಸ್ ತೀರಿಹೋಗಿ ಬಹಳ ಕಾಲವಾಗಿತ್ತು. 1891ರಲ್ಲಿ, ಔತಣವೊಂದರಲ್ಲಿ ಒಡೆದ ತಟ್ಟೆಯ ಚೂರು ಕೆನ್ನೆಗೆ ತಾಗಿ, ಗಾಯ ನಂಜಾಗಿ ಸತ್ತ. ಆಗ ಅವನಿಗೆ ಇನ್ನೂ ಐವತ್ತು ತುಂಬಿರಲಿಲ್ಲ.

1951ರವರೆಗೆ, ಎಂದರೆ 75 ವರ್ಷ, ಅದಕ್ಕಿಂತ ದೊಡ್ಡ ಅವಿಭಾಜ್ಯ ಯಾರಿಗೂ ಸಿಗಲಿಲ್ಲ. ಯಂತ್ರದ ನೆರವಿಲ್ಲದೆ ಕಂಡುಹಿಡಿದವುಗಳಲ್ಲಿ ಇಂದಿಗೂ ಅದೇ ದೊಡ್ಡದು.