2015: ಭಾರತದ ಪ್ರಮುಖ ಘಟನೆಗಳು

2015 ಭಾರತದ ಜೈನ ಸಮಾಜದ ಪಾಲಿಗೆ ಮರೆಯಲಾಗದ ವರ್ಷ. ಸಾವಿರಾರು ವರ್ಷಗಳಿಂದ ನಡೆದುಬಂದ ಸಲ್ಲೇಖನ ವ್ರತವು ಇದೇ ವರ್ಷ ನ್ಯಾಯಾಲಯದ ಪರೀಕ್ಷೆಗೆ ಒಳಗಾಯಿತು. ಆ ವರ್ಷದ ಮುಖ್ಯ ಘಟನೆಗಳ ಸಂಕ್ಷಿಪ್ತ ವಿವರ ಇಲ್ಲಿದೆ.

ಜನವರಿ – ಜುಲೈ

ಜನವರಿ 1: ಯೋಜನಾ ಆಯೋಗದ ಬದಲಿಗೆ ನೀತಿ ಆಯೋಗ ಅಸ್ತಿತ್ವಕ್ಕೆ ಬಂದಿತು.

ಜನವರಿ 25: ಪದ್ಮ ಪ್ರಶಸ್ತಿಗಳ ಘೋಷಣೆ. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರಿಗೆ ಪದ್ಮವಿಭೂಷಣ, ತುಮಕೂರು ಸಿದ್ಧಗಂಗಾ ಮಠದ ಶ್ರೀ ಶಿವಕುಮಾರ ಸ್ವಾಮೀಜಿಯವರಿಗೆ ಪದ್ಮಭೂಷಣ ದೊರೆಯಿತು.

ಮಾರ್ಚ್ 24: ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ ರದ್ದುಗೊಳಿಸಿತು.

ಜೂನ್ 21: ಮೊದಲ ಅಂತರರಾಷ್ಟ್ರೀಯ ಯೋಗ ದಿನ ಆಚರಣೆ.

ಜುಲೈ 27: ಮಾಜಿ ರಾಷ್ಟ್ರಪತಿ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಶಿಲ್ಲಾಂಗ್‌ನಲ್ಲಿ ನಿಧನರಾದರು. ಕುಟುಂಬ ಮತ್ತು ರಾಷ್ಟ್ರದ ಕುರಿತು ಅವರು ತೇರಾಪಂಥದ ಆಚಾರ್ಯ ಮಹಾಪ್ರಜ್ಞರ ಜೊತೆಗೂಡಿ ಪುಸ್ತಕ ಬರೆದಿದ್ದರು.

ಆಗಸ್ಟ್: ಸಲ್ಲೇಖನ ಪ್ರಕರಣ

ಶ್ವೇತಾಂಬರ ಪರಂಪರೆಯಲ್ಲಿ ಸಂಥಾರಾ ಎನ್ನಲಾಗುವ ಈ ವ್ರತದ ವಿರುದ್ಧ 2006ರಲ್ಲಿ ರಾಜಸ್ಥಾನ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಕೆಯಾಗಿತ್ತು. 2015ರ ಆಗಸ್ಟ್ 10ರಂದು ಹೈಕೋರ್ಟ್ ತೀರ್ಪು ನೀಡಿತು. ಈ ವ್ರತವು ಧರ್ಮದ ಅತ್ಯಗತ್ಯ ಆಚರಣೆಯೆಂದು ಸಾಬೀತಾಗಿಲ್ಲ ಎಂದು ಹೇಳಿದ ನ್ಯಾಯಾಲಯ, ಅದನ್ನು ಭಾರತೀಯ ದಂಡ ಸಂಹಿತೆಯ 309ನೇ ಕಲಮಿನಡಿ ಆತ್ಮಹತ್ಯೆ ಯತ್ನವೆಂದೂ ನೆರವಾದವರ ಕೃತ್ಯವನ್ನು 306ನೇ ಕಲಮಿನಡಿ ಪ್ರಚೋದನೆಯೆಂದೂ ಪರಿಗಣಿಸಲು ಸೂಚಿಸಿತು. ಅಂದರೆ ವ್ರತಸ್ಥರ ಸೇವೆಗೆ ನಿಂತ ಮನೆಯವರೂ ಆರೋಪಿಗಳಾಗುವ ಸಂದರ್ಭ ಎದುರಾಯಿತು.

ಸಲ್ಲೇಖನವು ಆತ್ಮಹತ್ಯೆಯಲ್ಲ ಎಂಬುದು ಜೈನರ ನಿಲುವು. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ದ ಪ್ರಕಾರ, ಪರಿಹಾರವೇ ಇಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು ಅಥವಾ ರೋಗ ಬಂದಾಗ ಧರ್ಮಕ್ಕಾಗಿ ದೇಹವನ್ನು ಬಿಡುವುದೇ ಸಲ್ಲೇಖನ. ಆತ್ಮಹತ್ಯೆಯ ಹಿಂದೆ ರಾಗದ್ವೇಷಗಳ ಆವೇಶವಿರುತ್ತದೆ. ಸಲ್ಲೇಖನದಲ್ಲಿ ಕಷಾಯಗಳನ್ನು ಕ್ಷೀಣಗೊಳಿಸಿ, ಎಲ್ಲರಿಗೂ ಕ್ಷಮೆ ನೀಡಿ, ಎಲ್ಲರಿಂದ ಕ್ಷಮೆ ಬೇಡಿ, ಆಹಾರವನ್ನು ಹಂತಹಂತವಾಗಿ ತ್ಯಜಿಸಲಾಗುತ್ತದೆ. ಶ್ರವಣಬೆಳಗೊಳದ ಚಂದ್ರಗಿರಿಯ ಶಾಸನಗಳು ಹೀಗೆ ಸಮಾಧಿ ಪಡೆದ ಮುನಿಗಳ, ಆರ್ಯಿಕೆಯರ, ಶ್ರಾವಕ-ಶ್ರಾವಿಕೆಯರ ಹೆಸರುಗಳನ್ನು ಉಳಿಸಿಕೊಂಡಿವೆ. ಅವುಗಳಲ್ಲಿ ಅತ್ಯಂತ ಹಳೆಯದು ಕ್ರಿ.ಶ. ಸುಮಾರು 600ರದು.

ಆಗಸ್ಟ್ 24: ದೇಶದ ಹಲವು ನಗರಗಳಲ್ಲಿ ದಿಗಂಬರ, ಶ್ವೇತಾಂಬರ ಭೇದವಿಲ್ಲದೆ ಜೈನರು ಮೌನ ಮೆರವಣಿಗೆ ನಡೆಸಿದರು.

ಆಗಸ್ಟ್ 25: 2011ರ ಜನಗಣತಿಯ ಧರ್ಮವಾರು ಅಂಕಿಅಂಶ ಪ್ರಕಟವಾಯಿತು. ದೇಶದಲ್ಲಿ ಜೈನರ ಸಂಖ್ಯೆ ಸುಮಾರು 44.5 ಲಕ್ಷ, ಅಂದರೆ ಜನಸಂಖ್ಯೆಯ ಶೇ. 0.4. ಕರ್ನಾಟಕದಲ್ಲಿ ಸುಮಾರು 4.4 ಲಕ್ಷ.

ಆಗಸ್ಟ್ 30: ಹಿರಿಯ ಸಂಶೋಧಕ, ಶಾಸನತಜ್ಞ ಡಾ. ಎಂ.ಎಂ. ಕಲಬುರ್ಗಿ ಅವರನ್ನು ಧಾರವಾಡದ ಅವರ ಮನೆಯಲ್ಲೇ ಗುಂಡಿಕ್ಕಿ ಕೊಲ್ಲಲಾಯಿತು.

ಆಗಸ್ಟ್ 31: ಮುಖ್ಯ ನ್ಯಾಯಮೂರ್ತಿ ಎಚ್.ಎಲ್. ದತ್ತು ನೇತೃತ್ವದ ಸುಪ್ರೀಂ ಕೋರ್ಟ್ ಪೀಠವು ಹೈಕೋರ್ಟ್ ತೀರ್ಪಿಗೆ ತಡೆಯಾಜ್ಞೆ ನೀಡಿತು.

ಸೆಪ್ಟೆಂಬರ್ – ಡಿಸೆಂಬರ್

ಸೆಪ್ಟೆಂಬರ್ 28: ಖಗೋಳ ವೀಕ್ಷಣೆಗೆಂದೇ ಇಸ್ರೋ ರೂಪಿಸಿದ ಭಾರತದ ಮೊದಲ ಉಪಗ್ರಹ ಆಸ್ಟ್ರೋಸ್ಯಾಟ್ ಶ್ರೀಹರಿಕೋಟಾದಿಂದ ಉಡಾವಣೆಯಾಯಿತು.

ಅಕ್ಟೋಬರ್ 16: ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗದ ಕಾಯ್ದೆಯನ್ನು ಸುಪ್ರೀಂ ಕೋರ್ಟ್ ಅಸಿಂಧುಗೊಳಿಸಿತು.

ಡಿಸೆಂಬರ್: ಭಾರೀ ಮಳೆಯಿಂದ ಚೆನ್ನೈ ಮಹಾನಗರ ಜಲಾವೃತವಾಯಿತು.

ವರ್ಷದ ಮಹತ್ವ

ತಡೆಯಾಜ್ಞೆ ಅಂತಿಮ ತೀರ್ಪಲ್ಲ. ಆದರೂ ಅದರಿಂದ ವ್ರತಸ್ಥರಿಗೂ ಅವರ ಕುಟುಂಬಗಳಿಗೂ ತಕ್ಷಣದ ರಕ್ಷಣೆ ಸಿಕ್ಕಿತು. ವ್ರತದ ಅರ್ಥವನ್ನು, ಅದರ ಶಾಸ್ತ್ರೋಕ್ತ ನಿಯಮಗಳನ್ನು ಹೊರಗಿನವರಿಗೂ ತಮ್ಮ ಮಕ್ಕಳಿಗೂ ತಿಳಿಸಿಹೇಳುವ ಹೊಣೆಯನ್ನು ಈ 21 ದಿನಗಳು ಸಮಾಜಕ್ಕೆ ನೆನಪಿಸಿದವು.