ಮಾನವ ವಿಕಾಸದ ಪದವಿ: ಬಾಲವಾಡಿಯಿಂದ ಆನ್‌ಲೈನ್‌ವರೆಗೆ

ಮಾನವ ವಿಕಾಸ ಎಂಬ ವಿಷಯದಲ್ಲಿ ಆನ್‌ಲೈನ್‌ನಲ್ಲೇ ಪದವಿ ಮಾಡಬಹುದೇ ಎಂದು ನಮ್ಮ ಭಾಗದ ಕಿರಿಯ ಶಿಕ್ಷಕಿಯರು, ಅಂಗನವಾಡಿ ಟೀಚರುಗಳು ಈಚೆಗೆ ಕೇಳುತ್ತಿದ್ದಾರೆ. ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳುವಂತಿಲ್ಲ. ಈ ವಿಷಯ ಎಲ್ಲಿಂದ ಬಂತು, ಮನೆಯಲ್ಲಿದ್ದುಕೊಂಡೇ ಪದವಿ ಪಡೆಯುವ ಪದ್ಧತಿ ಎಲ್ಲಿಂದ ಬಂತು ಎಂಬ ಎರಡು ಕಥೆಗಳನ್ನೂ ನೋಡಬೇಕಾಗುತ್ತದೆ.

ಮೊದಲು ಹೆಸರಿನ ಗೊಂದಲ. ವಿಕಾಸ ಎಂದ ಕೂಡಲೇ ಮಂಗನಿಂದ ಮಾನವನಾದ ಚಿತ್ರ ಕಣ್ಣ ಮುಂದೆ ಬರುತ್ತದೆ. ಇದು ಅದಲ್ಲ. ಟಿ.ಸಿ.ಎಚ್. ಓದಿದವರಿಗೆ 'ಬೆಳವಣಿಗೆ ಮತ್ತು ವಿಕಾಸ' ಎಂಬ ಪಾಠ ನೆನಪಿರುತ್ತದೆ. ಎತ್ತರ, ತೂಕ ಅಳೆದರೆ ಬೆಳವಣಿಗೆ. ಮಾತು, ನಡೆ, ಬುದ್ಧಿ, ಭಾವನೆ, ಸಂಗಡಿಗರೊಡನೆ ಬೆರೆಯುವ ಬಗೆ ಹಂತ ಹಂತವಾಗಿ ಮಾಗುವುದು ವಿಕಾಸ. ಗರ್ಭದಿಂದ ಮುಪ್ಪಿನವರೆಗೆ ಇದನ್ನು ಅಭ್ಯಾಸ ಮಾಡುವ ಶಾಸ್ತ್ರವೇ ಮಾನವ ವಿಕಾಸ.

ನಮ್ಮ ದೇಶದಲ್ಲಿ ಈ ಶಾಸ್ತ್ರ ಬೆಳೆದದ್ದು ಹೆಚ್ಚಾಗಿ ಗೃಹವಿಜ್ಞಾನದ ಮಡಿಲಲ್ಲಿ. ದೆಹಲಿಯ ಲೇಡಿ ಇರ್ವಿನ್ ಕಾಲೇಜು 1932ರದ್ದು. ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ 1949ರದ್ದು. ಅಲ್ಲಿ ಮೊದಲಿಗೆ ಮಕ್ಕಳ ವಿಕಾಸ ಎಂದಿದ್ದ ವಿಭಾಗ ಮುಂದೆ ಮಾನವ ವಿಕಾಸ ಮತ್ತು ಕುಟುಂಬ ಅಧ್ಯಯನ ಎಂದಾಯಿತು. ಬರೋಡದಲ್ಲೇ ಪ್ರಮೀಳಾ ಫಾಠಕ್ ಅವರು ಭಾರತದ ಕೂಸುಗಳಿಗೆ ಹೊಂದುವ ವಿಕಾಸದ ಅಳತೆಗೋಲನ್ನು 1970ರಲ್ಲಿ ಸಿದ್ಧಪಡಿಸಿದರು. ಹುಟ್ಟಿನಿಂದ ಮೂವತ್ತು ತಿಂಗಳವರೆಗಿನ ಮಗು ಯಾವಾಗ ಕೂರುತ್ತದೆ, ಯಾವಾಗ ಮಾತಾಡುತ್ತದೆ ಎಂದು ನೋಡಲು ಅಮೆರಿಕದ ಮಕ್ಕಳ ಲೆಕ್ಕವನ್ನೇ ನಂಬಿಕೊಂಡಿದ್ದ ಕಾಲವದು. ಕಚೇರಿಯಲ್ಲಿ ಕೂತು ಮಾಡುವ ಕೆಲಸವಲ್ಲ, ಸಾಕಷ್ಟು ಮಕ್ಕಳನ್ನು ಕಣ್ಣಾರೆ ನೋಡಿದ ಮೇಲೆ ಆಗುವ ಕೆಲಸ.

ನಮ್ಮ ಕೊಯಮತ್ತೂರಿಗೆ ಈ ವಿದ್ಯೆ ಬಂದದ್ದು ತಿರುಪ್ಪೂರಿನ ಒಬ್ಬರಿಂದ. 1903ರಲ್ಲಿ ಅಲ್ಲಿ ಹುಟ್ಟಿದ ಟಿ.ಎಸ್. ಅವಿನಾಶಿಲಿಂಗಂ ಚೆಟ್ಟಿಯಾರ್ ಸ್ವಾತಂತ್ರ್ಯ ಹೋರಾಟಗಾರರು. 1930ರಲ್ಲಿ ರಾಮಕೃಷ್ಣ ವಿದ್ಯಾಲಯ ಕಟ್ಟಿದರು. 1946ರಿಂದ 1949ರವರೆಗೆ ಮದರಾಸು ಪ್ರಾಂತ್ಯದ ಶಿಕ್ಷಣ ಮಂತ್ರಿಯಾಗಿದ್ದರು. 1957ರಲ್ಲಿ ಅವರು ಹೆಣ್ಣುಮಕ್ಕಳಿಗಾಗಿ ಗೃಹವಿಜ್ಞಾನ ಕಾಲೇಜು ಆರಂಭಿಸಿದರು. ಓಹಿಯೋದಲ್ಲಿ ಡಾಕ್ಟರೇಟ್ ಮಾಡಿ ಬಂದಿದ್ದ ಪೌಷ್ಟಿಕತಜ್ಞೆ ರಾಜಮ್ಮಾಳ್ ದೇವದಾಸ್ ಅದನ್ನು ಬೆಳೆಸಿದರು. 1988ರಲ್ಲಿ ಅದು ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಮಾನವ ವಿಕಾಸ ವಿಭಾಗ ಅಲ್ಲಿದೆ. ಗೃಹವಿಜ್ಞಾನ ಎಂದರೆ ಅಡುಗೆ, ಹೊಲಿಗೆ ಎಂದು ನಗುವವರು ಈಗಲೂ ಇದ್ದಾರೆ. ಆ ಕಾಲೇಜುಗಳ ಪದ್ಧತಿ ನೋಡಿದರೆ ನಗಲಾರರು. ಕಾಲೇಜಿಗೇ ಸೇರಿದ ಬಾಲವಾಡಿ, ವಿದ್ಯಾರ್ಥಿನಿಯರು ಮೂಲೆಯಲ್ಲಿ ಕೂತು ಒಂದು ಮಗುವನ್ನು ವಾರಗಟ್ಟಲೆ ನೋಡಿ ಬರೆದಿಡುವುದು: ಇದೇ ಅವರ ಪ್ರಯೋಗಾಲಯ.

ಇನ್ನು ಎರಡನೇ ಕಥೆ. ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಅಂಚೆ ಮೂಲಕ ಪದವಿ ಶಿಕ್ಷಣ ತೆರೆಯಿತು. ಮೈಸೂರು ವಿಶ್ವವಿದ್ಯಾಲಯದ ಅಂಚೆ ತೆರಪಿನ ಶಿಕ್ಷಣ 1969ರಲ್ಲಿ ಬಂತು. ಗಡಿಯಾಚೆಯ ಕನ್ನಡಿಗರಿಗೆ ಇದರ ಬೆಲೆ ಬೇರೆಯೇ. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಅದು ಮೈಸೂರು ರಾಜ್ಯಕ್ಕೆ ಹೋಯಿತು, ತಾಳವಾಡಿ ಇಲ್ಲೇ ಉಳಿಯಿತು (1979ರಲ್ಲಿ ಜಿಲ್ಲೆ ಒಡೆದಾಗ ಅದು ಈರೋಡಿನ ಕಡೆ ಸೇರಿತು). ನೇಕಾರ ದೇವಾಂಗರು, ಬೇಸಾಯದ ಒಕ್ಕಲಿಗರು ಮನೆಯಲ್ಲಿ ಕನ್ನಡ, ಬರಹಕ್ಕೆ ತಮಿಳು ಎಂದು ಹೊಂದಿಕೊಂಡರು. ಕನ್ನಡದಲ್ಲೇ ಮುಂದೆ ಓದಬೇಕೆಂದವರಿಗೆ ಪೋಸ್ಟಿನಲ್ಲಿ ಬರುವ ಪಾಠದ ಕಟ್ಟು ದೊಡ್ಡ ಆಸರೆ. ಪರೀಕ್ಷೆ, ಸಂಪರ್ಕ ತರಗತಿಗಳಿಗೆ ಮಾತ್ರ ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳನ್ನು ಹತ್ತಿ ಆ ಕಡೆ ಹೋಗಬೇಕು.

1996ರ ಜೂನ್ 1ರಂದು ಮೈಸೂರಿನ ಈ ಸಂಸ್ಥೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ತಮಿಳುನಾಡಿಗೆ ತನ್ನದೇ ಮುಕ್ತ ವಿವಿ 2002ರಲ್ಲಿ ಬಂತು. ಆದರೆ ರಾಜ್ಯ ವಿವಿಗಳು ತಮ್ಮ ಗಡಿಯಾಚೆ ಕೇಂದ್ರ ನಡೆಸಬಾರದು ಎಂಬ ನಿಯಮವನ್ನು ಯುಜಿಸಿ ಬಿಗಿ ಮಾಡಿತು. ಊರೂರಲ್ಲಿ ಖಾಸಗಿ ಕೇಂದ್ರಗಳು ಸರ್ಟಿಫಿಕೇಟ್ ಹಂಚುತ್ತಿದ್ದುದರಿಂದ ಈ ಬಿಗಿ ತಪ್ಪೆನ್ನಲಾರೆ. ಮೈಸೂರಿನ ಮುಕ್ತ ವಿವಿಗೆ 2012-13ರ ನಂತರದ ಮಾನ್ಯತೆ ಇಲ್ಲವೆಂದು 2015ರಲ್ಲಿ ಪ್ರಕಟವಾಯಿತು. ಗಡಿ ಮೀರಿದ್ದು, ಖಾಸಗಿಯವರೊಡನೆ ಕೈಜೋಡಿಸಿದ್ದು ಕಾರಣಗಳಲ್ಲಿ ಸೇರಿದ್ದವು. 2018ರಲ್ಲಿ ಮಾನ್ಯತೆ ಮರಳಿತು. ನಡುವೆ ಸಿಕ್ಕಿಕೊಂಡವರು ವಿದ್ಯಾರ್ಥಿಗಳು.

ಈ ಗಡಿಯನ್ನು ಅಳಿಸಿದ್ದು ಆನ್‌ಲೈನ್ ಪದವಿ. 2018ರ ಮತ್ತು 2020ರ ಯುಜಿಸಿ ನಿಯಮಗಳು ಮಾನ್ಯತೆ ಪಡೆದ ವಿವಿಗಳಿಗೆ ಪೂರ್ಣ ಪದವಿಯನ್ನೇ ಆನ್‌ಲೈನ್‌ನಲ್ಲಿ ಕೊಡಲು ದಾರಿ ಮಾಡಿದವು. ಇದಕ್ಕೆ ರಾಜ್ಯದ ಎಲ್ಲೆ ಅನ್ವಯಿಸದು. ಹಾಗಾದರೆ ಮಾನವ ವಿಕಾಸವನ್ನೂ ಓದಬಹುದಲ್ಲ? ಅಮೆರಿಕದಲ್ಲಿ ಓದಬಹುದು, ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿ ಈ ವಿಷಯದ ಬಿ.ಎ.ಯನ್ನು ಆನ್‌ಲೈನ್‌ನಲ್ಲಿ ಕೊಡುತ್ತದೆ. ನಮ್ಮಲ್ಲಿ ತೊಡಕು ಇರುವುದು ಅದೇ ಬಾಲವಾಡಿಯ ಮೂಲೆಯಲ್ಲಿ. ಪ್ರಾಯೋಗಿಕ ಕೆಲಸ ಕಡ್ಡಾಯವಿರುವ ಕೋರ್ಸನ್ನು ಆನ್‌ಲೈನ್‌ನಲ್ಲಿ ನಡೆಸುವಂತಿಲ್ಲ ಎಂದು ನಮ್ಮ ನಿಯಮ ಹೇಳುತ್ತದೆ. 2025ರ ಆಗಸ್ಟ್‌ನಲ್ಲಿ ಯುಜಿಸಿ ಮನಶ್ಶಾಸ್ತ್ರವನ್ನೂ ಆಹಾರ ಮತ್ತು ಪೋಷಣ ವಿಜ್ಞಾನವನ್ನೂ ದೂರಶಿಕ್ಷಣ, ಆನ್‌ಲೈನ್ ಎರಡರಿಂದಲೂ ಹೊರಗಿಟ್ಟಿತು. ನಮ್ಮ ವಿಷಯದ ಎಡಬಲದ ನೆರೆಮನೆಗಳಿಗೆ ಬೀಗ ಬಿದ್ದಂತಾಯಿತು.

ಮಗುವನ್ನೇ ನೋಡದೆ ಮಕ್ಕಳ ವಿಷಯದಲ್ಲಿ ಪದವಿ ಕೊಡಬಾರದು ಎಂಬ ತತ್ವ ಸರಿಯೇ. ಆದರೆ ದಿನವೂ ಇಪ್ಪತ್ತು ಮಕ್ಕಳ ನಡುವೆ ಇರುವವರಿಗೆ ಪ್ರಯೋಗಾಲಯ ಇಲ್ಲ ಎನ್ನುವುದು ಯಾವ ಲೆಕ್ಕ? 2017ರಿಂದ 2019ರವರೆಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ತರಬೇತಿ ಇಲ್ಲದ ಸೇವಾನಿರತ ಶಿಕ್ಷಕರಿಗೆ ಡಿ.ಎಲ್.ಎಡ್. ನಡೆಸಿತು. ಸೇರಿದವರು 13 ಲಕ್ಷಕ್ಕೂ ಹೆಚ್ಚು. ಪಾಠ 'ಸ್ವಯಂ' ಜಾಲತಾಣದಲ್ಲಿ, ಅಭ್ಯಾಸ ಅವರವರ ಶಾಲೆಯಲ್ಲೇ. ಶಾಲೆಗೆ ಒಪ್ಪಿದ ವ್ಯವಸ್ಥೆ ಅಂಗನವಾಡಿಗೆ ಏಕೆ ಒಪ್ಪಬಾರದು ಎಂಬುದೇ ನನ್ನ ಪ್ರಶ್ನೆ.

ಗಡಿಭಾಗದಲ್ಲಿ ಇದು ಬರೀ ಪದವಿಯ ಮಾತಲ್ಲ. ಮಗುವಿಗೆ ಎಷ್ಟು ಶಬ್ದ ಬರುತ್ತದೆ ಎಂದು ಎಣಿಸುವಾಗ ತಮಿಳಿನ ಶಬ್ದಗಳನ್ನು ಮಾತ್ರ ಎಣಿಸಿದರೆ ಕನ್ನಡ ಮನೆಯ ಮಗು ಹಿಂದುಳಿದಂತೆ ಕಾಣುತ್ತದೆ. ಕನ್ನಡದವು ಮಾತ್ರ ಎಣಿಸಿದರೂ ಅಷ್ಟೇ. ಎರಡು ಭಾಷೆಯ ಮಗುವಿಗೆ ಎರಡನ್ನೂ ಸೇರಿಸಿ ಎಣಿಸಬೇಕು ಎಂಬುದು ಈ ಶಾಸ್ತ್ರದಲ್ಲೇ ಇರುವ ಪಾಠ. ಅದು ತಿಳಿಯದ ಕಡೆ ಚುರುಕಾದ ಮಗುವಿಗೆ 'ಮಂದ' ಎಂಬ ಹಣೆಪಟ್ಟಿ ಬೀಳುತ್ತದೆ, ಒಂದನೇ ತರಗತಿಗೆ ಬರುವ ಮೊದಲೇ.

ಈಗ ಯಾವುದೇ ಆನ್‌ಲೈನ್ ಪದವಿಗೆ ಸೇರಬಯಸುವವರು ಹಣ ಕಟ್ಟುವ ಮುಂಚೆ ಯುಜಿಸಿಯ ದೂರಶಿಕ್ಷಣ ಬ್ಯೂರೋದ ಜಾಲತಾಣದಲ್ಲಿ ಆ ವಿವಿಯ ಹೆಸರಷ್ಟೇ ಅಲ್ಲ, ಆ ಕೋರ್ಸಿನ ಹೆಸರು, ಆ ವರ್ಷ ಇದೆಯೇ ನೋಡಿ. 2024ರಿಂದ ಡೆಬ್ ಐಡಿ ಇಲ್ಲದೆ ಪ್ರವೇಶವಿಲ್ಲ. ಇನ್ನೊಂದು ಕೋರಿಕೆ: ನಿಮ್ಮೂರಿನ ಹಿರಿಯ ಮೇಷ್ಟ್ರುಗಳ ಮನೆಯಲ್ಲಿ ಅಂಚೆ ತೆರಪಿನ ಹಳೆಯ ಪಾಠದ ಕಟ್ಟುಗಳಿದ್ದರೆ ದಯವಿಟ್ಟು ರದ್ದಿಗೆ ಹಾಕಲು ಬಿಡಬೇಡಿ.