ಡಾಲ್ಡಾ ಡಬ್ಬದಿಂದ ಹಾಲಿನ ಕವರ್‌ವರೆಗೆ

ರೀಸೈಕಲ್ ಅನ್ನೋ ಮಾತು ಈಗ ಬಂದದ್ದು ಕಣ್ರವ್ವ. ಕೆಲಸ ಮಾತ್ರ ನಮ್ ಕಡೆ ಹಟ್ಟಿಗಳಲ್ಲಿ ಮೊದಲಿಂದಲೂ ಇತ್ತು.

ಡಾಲ್ಡಾ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದದ್ದು 1937ರಲ್ಲಿ. ಹಳದಿ ಡಬ್ಬ, ಮೇಲೊಂದು ಮರದ ಚಿತ್ರ. ಒಳಗಿನದು ಮುಗಿದ ಮೇಲೆ ಅದೇ ಡಬ್ಬಕ್ಕೆ ಹುರುಳಿಕಾಳು, ಸಾರಿನ ಪುಡಿ ತುಂಬೋರು. ತುಕ್ಕು ಹಿಡಿದ್ರೆ ತಳ ತೂತು ಮಾಡಿ ತುಳಸಿ ನೆಡೋರು. ಸೀಮೆಎಣ್ಣೆಯ ಚೌಕ ಡಬ್ಬಕ್ಕೆ ಬಾಯಿ ಕುಯ್ದು ಮರದ ಹಿಡಿ ಹೊಡೆದ್ರೆ ನೀರು ಹೊರಕಾಯ್ತು. ರಾಗಿಯ ಗೋಣಿಚೀಲ ಹಳತಾದ್ರೆ ಮಳೇಲಿ ಗೊಪ್ಪೆ, ಆಮೇಲೆ ಕಾಲೊರೆಸೋ ಬಟ್ಟೆ. ಕೊನೆಗೆ ತಿಪ್ಪೆ ಸೇರಿ ಗೊಬ್ಬರವೇ ಆಗೋದು.

ಆಮೇಲೆ ಗೊಬ್ಬರ, ಹಿಂಡಿ ಎಲ್ಲಾ ಪ್ಲಾಸ್ಟಿಕ್ ಚೀಲದಲ್ಲಿ ಬಂತು. ನಾವು ಅದನ್ನೂ ಗೋಣಿ ಥರಾನೇ ಎತ್ತಿಟ್ಟುಕೊಂಡ್ವಿ. ಆದ್ರೆ ಅದು ಹಳತಾದ್ರೆ ಎಳೆ ಎಳೆ ಬಿಡ್ತದೆ, ಮಣ್ಣಾಗಲ್ಲ. ಇದು ಕಷ್ಟ ಕೊಟ್ಟದ್ದು ಹೊಗೆಸೊಪ್ಪಿನಲ್ಲಿ. ತಂಬಾಕು ಮಂಡಳಿ ಶುರುವಾದದ್ದು 1976ರಲ್ಲಿ, ಕರ್ನಾಟಕದಲ್ಲಿ ಹರಾಜು 1984ರಲ್ಲಿ. ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆ ಸೊಪ್ಪು ವಿಂಗಡಿಸೋರು ಹೆಚ್ಚಾಗಿ ಹೆಣ್ಮಕ್ಕಳೇ. ಬೇಲ್‌ನಲ್ಲಿ ಪ್ಲಾಸ್ಟಿಕ್ ಎಳೆ ಸಿಕ್ಕಿದ್ರೆ ಕೊಳ್ಳೋರು ಮೂಗು ಮುರೀತಾರೆ, ವರ್ಷದ ದುಡಿಮೆಗೆ ಬೆಲೆ ಇಳೀತದೆ. ಅದಕ್ಕೇ ಈಗಲೂ ಸೆಣಬಿನ ತಾಟು, ಸೆಣಬಿನ ದಾರವನ್ನೇ ಬಳಸಿ ಅಂತಾರೆ.

ಕಾನೂನೂ ನಿಧಾನಕ್ಕೆ ಬಂತು. 2016ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ ನಿಷೇಧಿಸ್ತು. 2022ರ ಜುಲೈ 1ರಿಂದ ಒಂದೇ ಸಲ ಬಳಸಿ ಬಿಸಾಡೋ ಹಲವು ಸಾಮಾನು ದೇಶದಲ್ಲೆಲ್ಲ ನಿಂತ್ವು. ಅದೇ ವರ್ಷದ ಕೇಂದ್ರದ ನಿಯಮ, ಗಟ್ಟಿ ಪ್ಲಾಸ್ಟಿಕ್ ಡಬ್ಬಗಳಿಗೆ 2025-26ರಿಂದ ಶೇ 30ರಷ್ಟು ಮರುಬಳಕೆಯ ಪ್ಲಾಸ್ಟಿಕ್ ಸೇರಿಸಬೇಕು ಅಂತ ಗೊತ್ತು ಮಾಡ್ತು. ಆಹಾರ ತುಂಬೋ ಡಬ್ಬಕ್ಕೆ ಕಟ್ಟುಪಾಡು ಬೇರೆ.

ಆ ಹಳೇ ಪ್ಲಾಸ್ಟಿಕ್ ಎಲ್ಲಿಂದ ಬರಬೇಕು? ನಮ್ಮ ಅಡಿಗೆಮನೆಯಿಂದಲೇ. ಹಾಲಿನ ಕವರ್ ಒಂದೇ ಜಾತಿ ಪ್ಲಾಸ್ಟಿಕ್, ಕರಗಿಸಿ ಮತ್ತೆ ಬಳಸೋಕೆ ಬತ್ತದೆ. ಆದ್ರೆ ಹುಳಿ ನಾತ ಹೊಡೆಯೋ ಕವರ್ ಗುಜರಿಯವರೂ ಮುಟ್ಟಲ್ಲ. ಮೂಲೆ ಕುಯ್ಯುವಾಗ ಚೂರು ಪೂರಾ ಬಿಡಿಸಬೇಡಿ, ಆ ಚೂರು ಯಾರ ಕೈಗೂ ಸಿಗಲ್ಲ. ತೊಳೆದು, ಬೋರಲು ಹಾಕಿ ಒಣಗಿಸಿ, ಒಂದು ಚೀಲದಲ್ಲಿ ಕೂಡಿಡಿ.

ಹಂಡೆ ಒಲೆ ಹತ್ತಿಸೋಕೆ ಮಾತ್ರ ಕವರ್ ಹಾಕಬೇಡಿ ಅತ್ತಿಗೆ. ಆ ಹೊಗೆ ಮೊದಲು ಹೋಗೋದು ಒಲೆ ಮುಂದೆ ಕೂತ ನಮ್ಮ ಮೂಗಿಗೇ. ತೆಂಗಿನ ಗರಿ, ಸಿಪ್ಪೆ ಹಟ್ಟಿ ಹಿತ್ತಲಲ್ಲೇ ಬಿದ್ದಿರ್ತವೆ.